ತಾಯಿಯ ಕಣ್ಣೊಂದೇ ಸಾಲದು

ಮಗು ಬಿದ್ದು ತಲೆಗೆ ಪೆಟ್ಟಾಯಿತು ಎಂಬ ಸುದ್ದಿ ಮುಟ್ಟಿದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ನೀನೆಲ್ಲಿ ಹೋಗಿದ್ದೆ?" ಕೇಳುವವರು ಅತ್ತೆಯೋ, ಗಂಡನೋ, ಪಕ್ಕದ ಮನೆಯವರೋ ಇರಬಹುದು, ಕೇಳಿಸಿಕೊಳ್ಳುವವಳು ಮಾತ್ರ ಯಾವಾಗಲೂ ತಾಯಿ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು ಎಂದೋ, ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದೆ ಎಂದೋ ಅವಳು ಅಳುತ್ತಾ ಹೇಳುವ ಉತ್ತರ ಯಾರ ಕಿವಿಗೂ ಬೀಳುವುದಿಲ್ಲ. ತಪ್ಪು ಯಾರದೆಂದು ತೀರ್ಮಾನವಾಯಿತೆಂದರೆ ಮಾತು ಅಲ್ಲಿಗೆ ಮುಗಿಯಿತು. ಮಗು ಉರುಳಿದ ಮೆಟ್ಟಿಲಿಗೆ ಕೈಕಂಬಿ ಇರಲಿಲ್ಲ. ಮರುದಿನವೂ ಇರುವುದಿಲ್ಲ, ಮುಂದಿನ ವರ್ಷವೂ ಇರುವುದಿಲ್ಲ.

ಹೊಣೆಯನ್ನೆಲ್ಲ ಒಬ್ಬಳ ಮೇಲೆ ಹೊರಿಸುವ ಈ ಪದ್ಧತಿಯಿಂದ ಆಗುವ ಇನ್ನೊಂದು ಹಾನಿ ಆಸ್ಪತ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬೈಗುಳಕ್ಕೆ ಹೆದರಿದ ತಾಯಿ, ಕೆಲಸ ಹೋದೀತೆಂದು ಹೆದರಿದ ಆಯಾ, ಮಗು ಬಿದ್ದದ್ದನ್ನೇ ಮುಚ್ಚಿಡುತ್ತಾರೆ. ಇಲ್ಲವೇ ಅಡುಗೆಕಟ್ಟೆಯಿಂದ ಬಿದ್ದದ್ದನ್ನು "ಆಡ್ತಾ ಆಡ್ತಾ ಜಾರಿತು" ಎಂದು ಇಳಿಸಿ ಹೇಳುತ್ತಾರೆ. ಎಷ್ಟು ಎತ್ತರದಿಂದ ಬಿತ್ತು, ಕೆಳಗೆ ಎಂಥ ನೆಲವಿತ್ತು, ಪ್ರಜ್ಞೆ ತಪ್ಪಿತ್ತೇ, ಎಷ್ಟು ಸಲ ವಾಂತಿಯಾಯಿತು ಎಂಬ ನಾಲ್ಕು ಸಂಗತಿಗಳ ಮೇಲೆ ವೈದ್ಯರು ಸಿ.ಟಿ. ಸ್ಕ್ಯಾನ್ ಬೇಕೇ, ಕಾದು ನೋಡಿದರೆ ಸಾಕೇ ಎಂದು ನಿರ್ಧರಿಸಬೇಕಾಗಿರುತ್ತದೆ. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರಿಕೊಳ್ಳುವ ಪೆಟ್ಟಿನಲ್ಲಿ ಮಗು ಬಿದ್ದ ಮೇಲೂ ಒಂದಷ್ಟು ಹೊತ್ತು ಚೆನ್ನಾಗಿಯೇ ಆಡಿಕೊಂಡಿರಬಹುದು. ಆಮೇಲೆ ಮಂಪರು, ಮತ್ತೆ ಮತ್ತೆ ವಾಂತಿ, ಒಂದು ಕೈಯೋ ಕಾಲೋ ಸೋಲುವುದು. ಆ ನಡುವಿನ ಗಂಟೆಗಳೇ ಚಿಕಿತ್ಸೆಗೆ ಅಮೂಲ್ಯ. ಭಯದಿಂದ ಮುಚ್ಚಿಟ್ಟ ಸತ್ಯ ಆ ಗಂಟೆಗಳನ್ನೇ ತಿಂದುಹಾಕುತ್ತದೆ.

ನನ್ನ ವಾದ ಇಷ್ಟೇ. ಮಕ್ಕಳ ಮೇಲೆ ನಿಗಾ ಇಡಬೇಕು ನಿಜ. ಆದರೆ ಎಂಥ ಪ್ರೀತಿಯ ಕಣ್ಣೂ ಒಂದು ಗಳಿಗೆ ಆಚೀಚೆ ಹೊರಳಿಯೇ ಹೊರಳುತ್ತದೆ. ಆ ಗಳಿಗೆಗೆ ಮಗುವಿನ ಮಿದುಳು ಬೆಲೆ ತೆರಬಾರದು ಎಂದಿದ್ದರೆ ಮನೆ, ರಸ್ತೆ, ಆಟದ ಜಾಗಗಳನ್ನು ಅದಕ್ಕೆ ತಕ್ಕಂತೆ ಸಿದ್ಧಗೊಳಿಸಬೇಕು. 1966ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಮೊದಲ ಮುಖ್ಯಸ್ಥರಾದ ವೈದ್ಯ ವಿಲಿಯಂ ಹ್ಯಾಡನ್ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರು. ಪೆಟ್ಟು ಎಂದರೆ ದೇಹ ತಾಳಲಾರದಷ್ಟು ಶಕ್ತಿ ದೇಹದೊಳಕ್ಕೆ ನುಗ್ಗುವುದು. ಆದ್ದರಿಂದ ಬೀಳುವ ಮೊದಲು, ಬೀಳುವಾಗ, ಬಿದ್ದ ಮೇಲೆ ಈ ಮೂರೂ ಹಂತಗಳಲ್ಲಿ ಅದನ್ನು ತಡೆಯುವುದಕ್ಕೋ ತಗ್ಗಿಸುವುದಕ್ಕೋ ದಾರಿಗಳಿವೆ ಎಂಬುದು ಅವರ ವಿಚಾರದ ತಿರುಳು. ಗ್ರಹಚಾರ, ಹಣೆಬರಹ ಎಂದು ನಾವು ಕೈಚೆಲ್ಲುವ ಕಡೆ ಅವರು ಎತ್ತರ, ವೇಗ, ಗಡಸುತನಗಳನ್ನು ಅಳೆದು ನೋಡಲು ಕಲಿಸಿದರು.

ಮಗುವಿನ ಮೈಯ ರಚನೆಯನ್ನು ನೋಡಿದರೆ ತಲೆಗೇ ಯಾಕೆ ಪೆಟ್ಟು ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಹುಟ್ಟಿದ ಕೂಸಿನ ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ. ದೊಡ್ಡವರಲ್ಲಿ ಅದು ಏಳೆಂಟರಲ್ಲಿ ಒಂದು ಪಾಲು. ಮೇಲ್ಭಾರದ ಮೈ, ಇನ್ನೂ ಬಲಿಯದ ಕುತ್ತಿಗೆ, ಬೀಳುವಾಗ ಕೈ ಮುಂದೆ ಚಾಚಿ ತಡೆದುಕೊಳ್ಳುವ ಅಭ್ಯಾಸ ಇನ್ನೂ ಬಾರದ ವಯಸ್ಸು. ಹೀಗಾಗಿ ಚಿಕ್ಕ ಮಗು ಎತ್ತರದಿಂದ ಜಾರಿದರೆ ತಲೆಯೇ ಮೊದಲು ನೆಲ ಮುಟ್ಟುವುದು ಹೆಚ್ಚು. ನೆತ್ತಿ ಕೂಡಲು ಸಾಮಾನ್ಯವಾಗಿ ಒಂದೂವರೆ ವರ್ಷದವರೆಗೂ ಬೇಕು. ಬುರುಡೆಯ ಮೂಳೆ ಇನ್ನೂ ತೆಳು. ಒಳಗಿನ ಮಿದುಳೋ ಭರದಿಂದ ಬೆಳೆಯುತ್ತಿರುತ್ತದೆ. ಐದನೆಯ ವರ್ಷದ ಹೊತ್ತಿಗೆ ಗಾತ್ರದಲ್ಲಿ ದೊಡ್ಡವರ ಮಿದುಳಿನ ಹತ್ತಿರಕ್ಕೆ ಬಂದಿರುತ್ತದೆ. ಮಕ್ಕಳ ಮಿದುಳು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ನಾಲ್ಕನೆಯ ವರ್ಷದಲ್ಲಿ ಆದ ತೀವ್ರ ಪೆಟ್ಟಿನ ಪರಿಣಾಮ ಎಂಟನೆಯ ವರ್ಷದಲ್ಲಿ, ಲೆಕ್ಕ ಮಾಡಲು ಕೂತಾಗ, ಪಾಠದ ಮೇಲೆ ಮನಸ್ಸು ನಿಲ್ಲದಾಗ, ಸಣ್ಣದಕ್ಕೆಲ್ಲ ಸಿಟ್ಟು ನೆತ್ತಿಗೇರಿದಾಗ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಹಳೆಯ ಪೆಟ್ಟನ್ನು ಎಲ್ಲರೂ ಮರೆತಿರುತ್ತಾರೆ. ಹುಡುಗ ದಡ್ಡ, ಹಟಮಾರಿ ಎಂಬ ಹಣೆಪಟ್ಟಿ ಮಾತ್ರ ಉಳಿಯುತ್ತದೆ.

ನಿಮ್ಹಾನ್ಸ್‌ನ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗದಲ್ಲಿ ದಶಕಗಳ ಕಾಲ ಈ ವಿಷಯದ ಬೆನ್ನುಹತ್ತಿದ ಡಾ. ಜಿ. ಗುರುರಾಜ್ ಭಾರತದಲ್ಲಿ ಮಿದುಳಿಗೆ ಆಗುವ ಪೆಟ್ಟುಗಳಲ್ಲಿ ಸುಮಾರು ಶೇ. 60ಕ್ಕೆ ರಸ್ತೆ ಅಪಘಾತ, ಶೇ. 20ರಿಂದ 25ಕ್ಕೆ ಬೀಳುವಿಕೆ ಕಾರಣ ಎಂದು ತೋರಿಸಿಕೊಟ್ಟರು. ಇದು ಎಲ್ಲ ವಯಸ್ಸಿನವರ ಲೆಕ್ಕ. ಚಿಕ್ಕ ಮಕ್ಕಳ ಮಟ್ಟಿಗೆ ಈ ಕ್ರಮ ತಿರುಗಿಬಿಡುತ್ತದೆ: ಮೊದಲು ಮನೆ, ಆಮೇಲೆ ರಸ್ತೆ.

ಎಲ್ಲ ಬೀಳುವಿಕೆಯೂ ಒಂದೇ ಅಲ್ಲ. ನಡೆಯಲು ಕಲಿಯುವ ಮಗು ದಿನಕ್ಕೆ ಎಷ್ಟೋ ಸಲ ಕುಕ್ಕರುಬೀಳುತ್ತದೆ, ಹಣೆಯ ಮೇಲೆ ಬುಗುಟೆ ಏಳುತ್ತದೆ, ಸಂಜೆಗೆ ಇಳಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ. 2009ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ ತಲೆಗೆ ಪೆಟ್ಟಾಗಿ ಉತ್ತರ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ 42,412 ಮಕ್ಕಳನ್ನು ಗಮನಿಸಿತ್ತು. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಮೇಲಿನಿಂದ, ಅದಕ್ಕಿಂತ ದೊಡ್ಡ ಮಗು ಐದು ಅಡಿಗಿಂತ ಮೇಲಿನಿಂದ ಬಿದ್ದರೆ ಅದನ್ನು ತೀವ್ರ ಸ್ವರೂಪದ ಬೀಳುವಿಕೆ ಎಂದು ಅದು ಎಣಿಸಿತು. ಮೂರು ಅಡಿ, ಐದು ಅಡಿ: ಈ ಎರಡು ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಯನ್ನೊಮ್ಮೆ ಸುತ್ತಿ ಬಂದರೆ ಸಾಕು. ಮಂಚ ಎರಡು ಅಡಿ. ಮಗುವನ್ನು ಕೂರಿಸಿ ಊಟ ಮಾಡಿಸುವ ಅಡುಗೆಕಟ್ಟೆ ಹೆಚ್ಚುಕಡಿಮೆ ಮೂರು ಅಡಿ. ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಒದ್ದೆ ಬಚ್ಚಲಲ್ಲಿ ಜಾರಿದರೆ ಅದೂ ಮೂರು ದಾಟುತ್ತದೆ. ಐದು ಅಡಿಯಿಂದ ಬಿದ್ದ ತಲೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಒಂದು ಮಹಡಿ, ಅಂದರೆ ಹತ್ತು ಅಡಿಯಾದರೆ, 28.

ಮನೆಯೊಳಗಿನ ಕೆಲವು ಅಪಾಯಗಳನ್ನು ನಾವೇ ದುಡ್ಡು ಕೊಟ್ಟು ತರುತ್ತೇವೆ. ಚಕ್ರದ ವಾಕರ್ ಅಂಥದ್ದು. ನಾಮಕರಣಕ್ಕೋ ಮೊದಲ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬರುವ ಇದು ಮಗುವಿಗೆ ಅದರ ವಯಸ್ಸಿಗೆ ಮೀರಿದ ವೇಗ ಕೊಡುತ್ತದೆ. ಅಮೆರಿಕದಲ್ಲಿ 1990ರಿಂದ 2014ರ ನಡುವೆ ವಾಕರ್‌ನಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ, 15 ತಿಂಗಳೊಳಗಿನ ಕೂಸುಗಳ ಸಂಖ್ಯೆ ಎರಡು ಲಕ್ಷ ಮೂವತ್ತು ಸಾವಿರ ದಾಟಿತ್ತು. ಹತ್ತರಲ್ಲಿ ಒಂಬತ್ತಕ್ಕೆ ಪೆಟ್ಟು ಬಿದ್ದದ್ದು ತಲೆಗೆ ಅಥವಾ ಕುತ್ತಿಗೆಗೆ; ಮುಕ್ಕಾಲು ಪಾಲು ಮೆಟ್ಟಿಲಿನಿಂದ ಉರುಳಿದವು. ಕೆನಡಾ 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ಅದು ಈಗಲೂ ಆಟಿಕೆ ಅಂಗಡಿಯ ಮುಂಭಾಗದಲ್ಲೇ ತೂಗುತ್ತಿದೆ. ನಡಿಗೆ ಕಲಿಯಲು ಮಗುವಿಗೆ ನೆಲ ಬೇಕು, ಹಿಡಿದುಕೊಳ್ಳಲು ಒಂದು ಬೆರಳು ಬೇಕು. ವಾಕರ್ ಬೇಡವೇ ಬೇಡ.

ಕಿಟಕಿಯ ವಿಷಯದಲ್ಲಿ ಹಳೆಯ ಮನೆಗಳೇ ವಾಸಿ. ಮರದ ಚೌಕಟ್ಟಿಗೆ ನೆಟ್ಟಗೆ ಕೂರಿಸಿದ ಕಬ್ಬಿಣದ ಸರಳುಗಳ ನಡುವೆ ಮಗುವಿನ ತಲೆ ತೂರುತ್ತಿರಲಿಲ್ಲ. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಗಾಳಿ, ಬೆಳಕು, ನೋಟ ಎಂದು ಗೋಡೆಯಗಲದ ಸ್ಲೈಡಿಂಗ್ ಕಿಟಕಿ ಇಡುತ್ತಾರೆ, ಅದರ ಕೆಳಗೇ ಸೋಫಾ ಹಾಕುತ್ತಾರೆ. ಸೊಳ್ಳೆ ಪರದೆ ಮಗುವಿನ ಭಾರ ತಡೆಯುವುದಿಲ್ಲ. ಬಾಲ್ಕನಿಗೆ ಅಡ್ಡಡ್ಡ ಕಂಬಿಗಳ ರೇಲಿಂಗ್ ಹಾಕಿದರಂತೂ ಅದು ಮಗುವಿಗೆ ಏಣಿಯೇ. ನ್ಯೂಯಾರ್ಕ್ ನಗರ 1970ರ ದಶಕದ ಆರಂಭದಲ್ಲಿ ಕಿಟಕಿಯಿಂದ ಬಿದ್ದು ಮಕ್ಕಳು ಸಾಯುವುದನ್ನು ನೋಡಿ ಒಂದು ಆಂದೋಲನ ಹೂಡಿತು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋದರು, ಬಡವರ ಮನೆಗಳಿಗೆ ಕಿಟಕಿಯ ಕಂಬಿಗಳನ್ನು ಉಚಿತವಾಗಿ ಕೊಟ್ಟರು. ಬ್ರಾಂಕ್ಸ್ ಭಾಗದಲ್ಲಿ ಎರಡೇ ವರ್ಷದಲ್ಲಿ ಬೀಳುವಿಕೆ ಅರ್ಧಕ್ಕೆ ಇಳಿಯಿತು. 1976ರಲ್ಲಿ ನಿಯಮವೇ ಬಂತು: ಹತ್ತು ವರ್ಷದೊಳಗಿನ ಮಕ್ಕಳಿರುವ ಬಾಡಿಗೆ ಮನೆಗೆ ಕಂಬಿ ಹಾಕಿಸುವುದು ಕಟ್ಟಡದ ಮಾಲೀಕನ ಹೊಣೆ. ತಾಯಂದಿರಿಗೆ ಬುದ್ಧಿ ಹೇಳಿ ಸುಮ್ಮನಾಗದೆ ಹೊಣೆಯನ್ನು ಕಟ್ಟಡದ ಮೇಲೆ ಹೊರಿಸಿದ್ದರಿಂದ ಅಲ್ಲಿ ಫಲ ಕಂಡಿತು. ಬೆಂಗಳೂರಿನಲ್ಲಿ ಬಾಡಿಗೆ ಕರಾರು ಬರೆಯುವಾಗ ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತು ತಪ್ಪದೆ ಇರುತ್ತದೆ. ಕಿಟಕಿಗೆ ಗ್ರಿಲ್ ಇರಲೇಬೇಕು ಎಂದು ಬಾಡಿಗೆದಾರರು ಕೇಳುವ ಕಾಲ ಬರಬೇಕು. ಬೆಂಕಿ ಬಿದ್ದರೆ ಹೊರಬರಲು ಒಂದು ಗ್ರಿಲ್ಲನ್ನು ಒಳಗಿನಿಂದ ತೆರೆಯುವಂತೆ ಮಾಡಿಸಿಕೊಳ್ಳುವುದೂ ಮರೆಯಬಾರದು.

ಸಣ್ಣ ಊರುಗಳಲ್ಲಿ, ನಗರದ ಅಂಚಿನ ಬಡಾವಣೆಗಳಲ್ಲಿ ಕಿಟಕಿಗಿಂತ ದೊಡ್ಡ ಅಪಾಯ ತಾರಸಿ. ಅರ್ಧಕ್ಕೆ ನಿಂತ ಮನೆಗಳು ನಮ್ಮ ಕಡೆ ಎಷ್ಟಿಲ್ಲ! ಕೆಳಗೆ ಎರಡು ಕೋಣೆ, ಗೃಹಪ್ರವೇಶ ಆಗಿದೆ, ಸಾಲ ತೀರಿಲ್ಲ. ಮುಂದೆ ಮಹಡಿ ಎಬ್ಬಿಸುವ ಆಸೆಯಿಂದ ಪಿಲ್ಲರ್ ಕಂಬಿಗಳನ್ನು ಆಕಾಶಕ್ಕೆ ಬಿಟ್ಟಿದ್ದಾರೆ. ಹೊರಗೋಡೆಗೆ ಒತ್ತಿಕೊಂಡು ಒಂದು ಕಾಂಕ್ರೀಟ್ ಮೆಟ್ಟಿಲು, ಇನ್ನೊಂದು ಪಕ್ಕ ಬಯಲು. ತಾರಸಿಯ ಸುತ್ತ ಕಟ್ಟೆ ಇಲ್ಲ, ಅಥವಾ ಒಂದು ಸಾಲು ಸಿಮೆಂಟ್ ಇಟ್ಟಿಗೆ ಮಾತ್ರ. "ಹೇಗೂ ಮೇಲೆ ಕಟ್ತೀವಲ್ಲ, ಆಗ ಹಾಕಿದರಾಯ್ತು" ಎಂದು ಮೇಸ್ತ್ರಿಯೂ ಹೇಳುತ್ತಾನೆ, ಯಜಮಾನನೂ ಒಪ್ಪುತ್ತಾನೆ. ಆ "ಆಗ" ಬರುವುದರೊಳಗೆ ಮನೆಯ ಮಕ್ಕಳು ಅದೇ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಾರೆ, ಹಪ್ಪಳಕ್ಕೆ ಕಾವಲು ಕೂರುತ್ತಾರೆ, ಬೇಸಿಗೆಯ ರಾತ್ರಿ ಚಾಪೆ ಹಾಸಿ ಮಲಗುತ್ತಾರೆ. ಗಾಳಿಪಟ ಹಾರಿಸುವ ಹುಡುಗನ ಕಣ್ಣು ಆಕಾಶದಲ್ಲಿರುತ್ತದೆ, ಕಾಲು ಹಿಂದಕ್ಕೆ ನಡೆಯುತ್ತಿರುತ್ತದೆ. ಮನೆಗೆ ಲಕ್ಷಗಟ್ಟಲೆ ಸುರಿದವರಿಗೆ ಮೆಟ್ಟಿಲಿಗೊಂದು ಕಬ್ಬಿಣದ ಕೈಕಂಬಿ, ತಾರಸಿಗೊಂದು ಎದೆಮಟ್ಟದ ಗೋಡೆ ಕಟ್ಟಿಸಲು ಹಣವಿಲ್ಲ ಎನ್ನುವುದನ್ನು ನಾನು ನಂಬುವುದಿಲ್ಲ. ಮುಂಬಾಗಿಲಿನ ಕೆತ್ತನೆಗೆ ಹಣ ಇತ್ತಲ್ಲ. ಕಂಬಿಗಳ ನಡುವೆ ನಾಲ್ಕು ಇಂಚಿನ ಚೆಂಡು ತೂರಬಾರದು ಎಂಬುದು ಅಮೆರಿಕದ ಕಟ್ಟಡ ನಿಯಮದ ಸರಳ ಪರೀಕ್ಷೆ. ನಮ್ಮ ಯಾವ ಮೇಸ್ತ್ರಿಗೂ ಅರ್ಥವಾಗುವ ಅಳತೆ ಅದು. ಪಂಚಾಯಿತಿ, ಪುರಸಭೆಗಳು ಕಟ್ಟಡ ಪೂರ್ಣಗೊಂಡ ಪತ್ರ ಕೊಡುವ ಮೊದಲು ಕೈಕಂಬಿ, ತಾರಸಿ ಗೋಡೆ ಎರಡನ್ನೂ ಕಣ್ಣಾರೆ ನೋಡಬೇಕು. ತಾತ್ಕಾಲಿಕ ಎಂದು ಬಿಟ್ಟ ಕೆಲಸ ನಮ್ಮಲ್ಲಿ ಹತ್ತು ವರ್ಷ ಬಾಳುತ್ತದೆ.

ಕಟ್ಟುವವರ ಮಕ್ಕಳ ಗತಿ ಇನ್ನೂ ಕಠಿಣ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದ ಕುಟುಂಬಗಳು ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿರುತ್ತವೆ. ತಾಯಿ ತಲೆಯ ಮೇಲೆ ಬಾಂಡ್ಲಿ ಹೊತ್ತು ಸೆಂಟ್ರಿಂಗ್ ಹಲಗೆಯ ಮೇಲೆ ನಡೆಯುತ್ತಿದ್ದರೆ ಮಗು ಜಲ್ಲಿಯ ರಾಶಿಯಲ್ಲಿ ಆಡುತ್ತಿರುತ್ತದೆ. ಲಿಫ್ಟ್‌ಗೆಂದು ಬಿಟ್ಟ ಗುಂಡಿ ತೆರೆದೇ ಇರುತ್ತದೆ. ಆ ತಾಯಿಯನ್ನು "ಮಗುವಿನ ಮೇಲೆ ನಿಗಾ ಇಡು" ಎನ್ನಲು ನಮಗೆ ಬಾಯಾದರೂ ಹೇಗೆ ಬರಬೇಕು? ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ನಿರ್ಮಾಣ ಸ್ಥಳದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಮೂವತ್ತು-ನಲವತ್ತು ಅಡಿಗಳ ನಿವೇಶನದಲ್ಲಿ ಮೂರು ಮಹಡಿ ಎಬ್ಬಿಸುವ ಕಡೆ ಇರುವವರು ನಾಲ್ಕೋ ಐದೋ ಹೆಂಗಸರು. ಐವತ್ತರ ಲೆಕ್ಕ ಅವರನ್ನು ತಲುಪಲೇ ಇಲ್ಲ. ಒಂದು ಬಡಾವಣೆಯ ಹತ್ತು ಕಟ್ಟಡಗಳಿಗೆ ಸೇರಿ ಒಂದು ಕೋಣೆ, ಒಬ್ಬ ಆಯಾ ಎಂದು ಲೆಕ್ಕ ಹಾಕಿದರೆ ಇದು ಅಸಾಧ್ಯವಾದ ಕೆಲಸವಲ್ಲ.

ಇನ್ನು ರಸ್ತೆ. ಕರ್ನಾಟಕದ ಮಧ್ಯಮ ವರ್ಗದ ಕುಟುಂಬ ವಾಹನವೆಂದರೆ ಸ್ಕೂಟರ್. ಬೆಳಗಿನ ಎಂಟೂವರೆಗೆ ಯಾವುದೇ ಶಾಲೆಯ ಗೇಟಿನ ಮುಂದೆ ನಿಂತು ನೋಡಿ. ಅಪ್ಪನ ತಲೆಯ ಮೇಲೆ ಹೆಲ್ಮೆಟ್, ಹಿಂದೆ ಕೂತ ಅಮ್ಮನ ತಲೆಯ ಮೇಲೂ ಒಂದು. ನಡುವೆ ಸಿಕ್ಕಿಕೊಂಡ ಮಗಳ, ಮುಂದೆ ಕಾಲಿಡುವ ಜಾಗದಲ್ಲಿ ಹ್ಯಾಂಡಲ್ ಹಿಡಿದು ನಿಂತ ಮಗನ ತಲೆ ಬರಿದು. ಮುಂದೆ ನಿಂತವನ ಹಣೆ ಸರಿಯಾಗಿ ಮೀಟರ್ ಮತ್ತು ಕನ್ನಡಿಯ ಮಟ್ಟಕ್ಕಿರುತ್ತದೆ. ಗಕ್ಕನೆ ಬ್ರೇಕ್ ಹಾಕಿದರೆ ಮೊದಲು ಬಡಿಯುವುದು ಅದೇ. ತರಕಾರಿ ಕೊಳ್ಳಲು ಎಂಜಿನ್ ಆರಿಸದೆ ನಿಲ್ಲಿಸಿದಾಗ ಮಗು ಎಕ್ಸಿಲರೇಟರ್ ತಿರುಗಿಸಿ ಗಾಡಿ ನೆಗೆಯುವುದೂ ಉಂಟು. ಸೀರೆಯುಟ್ಟ ತಾಯಿ ಎರಡೂ ಕಾಲು ಒಂದೇ ಕಡೆ ಹಾಕಿ, ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಕೂತಿರುವುದಂತೂ ದಿನನಿತ್ಯದ ನೋಟ. ಒಂದು ಕೈ ಕೂಸಿಗೆ, ಇನ್ನೊಂದು ಗಂಡನ ಹೆಗಲಿಗೆ. ಬಣ್ಣ ಬಳಿಯದ ರಸ್ತೆ ಉಬ್ಬು ಕತ್ತಲಲ್ಲಿ ಎದುರಾದರೆ ಆ ಹಿಡಿತ ಎಷ್ಟು ಹೊತ್ತು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ವಿನಾಯಿತಿ ಇರುವುದು ಪೇಟ ಧರಿಸುವ ಸಿಖ್ಖರಿಗೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಬೇರೆ ನಿಯಮವನ್ನೇ ಹೊರಡಿಸಿತು. ತಲೆಗೆ ಒಪ್ಪುವ ಹೆಲ್ಮೆಟ್ ಇರಬೇಕು, ಮಗುವನ್ನು ಸವಾರರ ಮೈಗೆ ಬಿಗಿಯುವ, 30 ಕಿಲೋ ಭಾರ ತಾಳುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಒಂದು ವರ್ಷದ ಬಳಿಕ ಜಾರಿಗೆ ಬರಬೇಕಿದ್ದ ಈ ನಿಯಮವನ್ನು ನಮ್ಮ ರಸ್ತೆಗಳಲ್ಲಿ ದುರ್ಬೀನು ಹಾಕಿ ಹುಡುಕಬೇಕು. ಪೊಲೀಸರ ಕ್ಯಾಮೆರಾ ದೊಡ್ಡವರ ತಲೆಯನ್ನು ಎಣಿಸಿ ದಂಡದ ಚೀಟಿ ಕಳಿಸುತ್ತದೆ. ಚೌಕದಲ್ಲಿ ನಿಂತ ಪೇದೆ ಮಗುವನ್ನು ಕಂಡು ನಕ್ಕು ಬಿಟ್ಟುಬಿಡುತ್ತಾರೆ. ಅದು ಮಮತೆಯೇ, ಸಂದೇಹವಿಲ್ಲ. ಆ ಮಮತೆ ಮಗುವನ್ನು ಕಾಯುವುದಿಲ್ಲ. 2022ರಲ್ಲಿ ಭಾರತದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಜನರಲ್ಲಿ 14,337 ಮಂದಿ ಗಾಡಿ ಓಡಿಸುತ್ತಿದ್ದವರಲ್ಲ, ಜೊತೆಗೆ ಕೂತವರು.

ಹೆಲ್ಮೆಟ್ ಭಾರಕ್ಕೆ ಮಗುವಿನ ಕುತ್ತಿಗೆ ಉಳುಕೀತು ಎಂದು ತಂದೆತಾಯಿಗಳು ಹೇಳುವುದುಂಟು. ಇದೇ ಭಯ ವಿಯೆಟ್ನಾಂನಲ್ಲೂ ಇತ್ತು. ಸ್ಕೂಟರ್-ಬೈಕುಗಳಲ್ಲೇ ಬದುಕುವ ಆ ದೇಶ 2007ರ ಡಿಸೆಂಬರ್ 15ರಂದು ಹೆಲ್ಮೆಟ್ ಕಡ್ಡಾಯ ಮಾಡಿದಾಗ ಕೆಲವೇ ದಿನಗಳಲ್ಲಿ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಅದನ್ನು ತೊಟ್ಟರು. ಮಕ್ಕಳು ಮಾತ್ರ ಹಾಗೇ ಉಳಿದರು, ಏಕೆಂದರೆ ಮಗುವಿಗೆ ದಂಡ ಹಾಕುವಂತಿರಲಿಲ್ಲ, ಕುತ್ತಿಗೆಯ ಪುಕಾರೂ ಹಬ್ಬಿತ್ತು. ವೈದ್ಯರು ಮುಂದೆ ಬಂದು ಆ ಭಯಕ್ಕೆ ಆಧಾರವಿಲ್ಲವೆಂದು ಹೇಳಬೇಕಾಯಿತು. 2010ರಲ್ಲಿ ನಿಯಮ ಬದಲಿಸಿ, ಆರು ವರ್ಷ ಮೇಲ್ಪಟ್ಟ ಮಗುವನ್ನು ಬರಿದಲೆಯಲ್ಲಿ ಕೂರಿಸಿಕೊಂಡ ದೊಡ್ಡವರಿಗೇ ದಂಡ ಹಾಕಿದರು. ಅದರ ಜೊತೆಗೆ ಶಾಲೆಗಳ ಮೂಲಕ ಮಕ್ಕಳ ಅಳತೆಯ ಹಗುರ ಹೆಲ್ಮೆಟ್ ಹಂಚುವ ಕೆಲಸವೂ ನಡೆದಿತ್ತು. ಇದು ನಮಗೆ ಒಪ್ಪುವ ದಾರಿ. ಭಾರದ ಭಯಕ್ಕೆ ಕಾರಣ ಅಪ್ಪನ ದೊಡ್ಡ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಮುಚ್ಚುವುದು. ಅದು ನಿಜಕ್ಕೂ ತಪ್ಪು. ಅಳತೆಗೆ ಸರಿಯಾದ ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಷ್ಟು ಎತ್ತರದಲ್ಲಿ ಕೂರಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು, ಗದ್ದದ ಪಟ್ಟಿ ಹಾಕಿದಾಗ ಒಂದು ಬೆರಳು ಮಾತ್ರ ತೂರಬೇಕು. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಒಳಗಿರುವ ಥರ್ಮಾಕೋಲ್‌ನಂಥ ಪದರ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ. ಆದ್ದರಿಂದ ಒಮ್ಮೆ ಜೋರಾಗಿ ಬಡಿದದ್ದನ್ನು ಮತ್ತೆ ಬಳಸುವಂತಿಲ್ಲ. ಮೋಟಾರು ಸೈಕಲ್ ಸವಾರರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ತಲೆಯ ಪೆಟ್ಟನ್ನು ಶೇ. 69ರಷ್ಟು, ಸಾವನ್ನು ಶೇ. 42ರಷ್ಟು ತಗ್ಗಿಸುತ್ತದೆ.

ಒಂಬತ್ತು ತಿಂಗಳೊಳಗಿನ ಕೂಸಿಗೆ ಹೆಲ್ಮೆಟ್ ಹಾಕಲಾಗದು, ಅದು ದ್ವಿಚಕ್ರ ವಾಹನದ ಮೇಲೆ ಇರಲೇಬಾರದು. ಇದನ್ನು ಹೇಳುವುದು ಸುಲಭ. ಚುಚ್ಚುಮದ್ದಿಗೆಂದು ಆರೋಗ್ಯ ಕೇಂದ್ರಕ್ಕೆ ಹೋಗಬೇಕಾದ ಬಾಣಂತಿಗೆ ಬೇರೆ ದಾರಿ ಇರಬೇಕಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕೂಸನ್ನು ಸ್ಕೂಟರಿನಿಂದ ಇಳಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು, ಆದರೆ ಬಸ್ಸು ಅವಳ ಊರಿನ ತನಕ ಬರಬೇಕು. ಬಸ್ ಮಾರ್ಗ ಹಾಕುವವರು ತಮ್ಮ ಕೆಲಸಕ್ಕೂ ಮಕ್ಕಳ ತಲೆಯ ಪೆಟ್ಟಿಗೂ ಸಂಬಂಧವಿದೆಯೆಂದು ಯೋಚಿಸಿರಲಿಕ್ಕಿಲ್ಲ. ಸಂಬಂಧ ಇದೆ.

ಇಷ್ಟೆಲ್ಲ ಹೇಳಿದರೆ, ಮಕ್ಕಳನ್ನು ಹತ್ತಿಯಲ್ಲಿ ಸುತ್ತಿ ಸಾಕಬೇಕೇ, ನಾವೆಲ್ಲ ಮಾವಿನ ಮರ ಹತ್ತಿ, ಕೆರೆಗೆ ಹಾರಿ ಬೆಳೆದವರಲ್ಲವೇ ಎಂಬ ಆಕ್ಷೇಪ ಬರುತ್ತದೆ. ಈ ಆಕ್ಷೇಪದ ಬಗ್ಗೆ ನನಗೆ ಗೌರವವಿದೆ. ಹತ್ತದ, ಓಡದ, ಜಾರದ ಮಗುವಿಗೆ ಸಮತೋಲನ ಬರುವುದಿಲ್ಲ, ಭಯವೂ ಬಿಡುವುದಿಲ್ಲ. ಮುರಿದ ಮುಂಗೈ ಒಂದೆರಡು ತಿಂಗಳಲ್ಲಿ ಕೂಡುತ್ತದೆ. ಸತ್ತ ಮಿದುಳಿನ ಭಾಗ ಮತ್ತೆ ಹುಟ್ಟುವುದಿಲ್ಲ. ಮೊದಲನೆಯದಕ್ಕೆ ಅವಕಾಶ ಕೊಟ್ಟು ಎರಡನೆಯದನ್ನು ತಡೆಯುವುದೇ ವಿವೇಕ. ಹಳ್ಳಿಯ ಮರದ ಕೆಳಗೆ ಮಣ್ಣು, ತರಗೆಲೆ ಇರುತ್ತಿದ್ದವು. ನಗರದ ಉದ್ಯಾನದಲ್ಲಿ ಜಾರುಬಂಡೆಯ ಬುಡದವರೆಗೂ, ಉಯ್ಯಾಲೆಯ ಕೆಳಗೂ ಸಿಮೆಂಟಿನ ಪೇವರ್ ಕಲ್ಲು ಹಾಸಿ ಚೆಂದಗಾಣಿಸಿದ್ದಾರೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯಂತೆ ನಾಲ್ಕು ಅಡಿಯಿಂದ ಬೀಳುವ ಮಗುವಿಗೆ ಒಂಬತ್ತು ಇಂಚು ದಪ್ಪದ ಸಡಿಲ ಮರಳು ಬೇಕು. ಮರಳು ಕಾಲ್ತುಳಿತಕ್ಕೆ ಗಟ್ಟಿಯಾಗುತ್ತದೆ, ಆಗಾಗ ಕೆದಕಿ ಸಡಿಲಗೊಳಿಸಬೇಕು, ನಾಯಿ ಬೆಕ್ಕುಗಳಿಂದ ಕಾಯಬೇಕು. ಪೇವರ್ ಹಾಸಿದರೆ ಗುತ್ತಿಗೆದಾರನ ಬಿಲ್ಲಿನೊಂದಿಗೆ ಕೆಲಸ ಮುಗಿಯುತ್ತದೆ, ಮರಳಿಗೆ ವರ್ಷವಿಡೀ ಒಬ್ಬ ಮಾಲಿ ಬೇಕು. ಪಾಲಿಕೆ ಆ ಮಾಲಿಯ ಸಂಬಳಕ್ಕೆ ಹಣ ತೆಗೆದಿಡಬೇಕು ಎಂದೇ ನಾನು ಕೇಳುವುದು.

ತಕ್ಷಣ ಆಗಬಹುದಾದ ಒಂದು ಕೆಲಸ ಶಾಲೆಗಳ ಕೈಯಲ್ಲಿದೆ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಖಾಸಗಿ ಶಾಲೆಗಳು ಸಮವಸ್ತ್ರ, ಶೂ, ಬೆಲ್ಟು, ಪುಸ್ತಕಗಳ ಪಟ್ಟಿ ಕೊಡುತ್ತವೆ. ಪೋಷಕರು ಗೊಣಗುತ್ತಲೇ ಎಲ್ಲವನ್ನೂ ಕೊಳ್ಳುತ್ತಾರೆ. ದ್ವಿಚಕ್ರದಲ್ಲಿ ಬರುವ ಮಕ್ಕಳ ಪಟ್ಟಿಗೆ ಐಎಸ್ಐ ಗುರುತಿನ ಒಂದು ಹೆಲ್ಮೆಟ್ ಸೇರಲಿ. ಒಂದೇ ಶಾಲೆಯ ನೂರಾರು ಮಕ್ಕಳಿಗೆ ಒಟ್ಟಿಗೆ ತರಿಸಿದರೆ ಬೆಲೆ ಇಳಿಯುತ್ತದೆ, ಚಿಕ್ಕ ಅಳತೆಯ ಹೆಲ್ಮೆಟ್ ಸಿಗುವುದಿಲ್ಲ ಎಂಬ ದೂರೂ ತೀರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) ದಾನಿಗಳಿಂದ ನೋಟ್‌ಬುಕ್ ಸಂಗ್ರಹಿಸುವಂತೆ ಇದನ್ನೂ ಸಂಗ್ರಹಿಸಬಹುದು. ತರಗತಿಯ ಹಿಂಗೋಡೆಗೆ ಒಂದು ಸಾಲು ಗೂಟ ಹೊಡೆದರೆ ಇಡುವ ಜಾಗವೂ ಆಯಿತು. ಬೆಳಗ್ಗೆ ಗೇಟಿನಲ್ಲಿ ನಿಲ್ಲುವ ದೈಹಿಕ ಶಿಕ್ಷಕರು ಟೈ, ಬೆಲ್ಟು ನೋಡುವ ಮೊದಲು ಗದ್ದದ ಪಟ್ಟಿ ಬಿಗಿದಿದೆಯೇ ಎಂದು ನೋಡಲಿ.